ಮಗುವಿನ ಲಿವರ್‌ನಲ್ಲಿ ನೀರುಗುಳ್ಳೆ: ಕೀಹೋಲೋ, ತೆರೆದ ಆಪರೇಷನ್ನೋ?

ಕೇಳುಗರೆಲ್ಲರಿಗೂ ನಮಸ್ಕಾರ.

"ದೊಡ್ಡ ಗಾಯ ಬೇಡ ಡಾಕ್ಟ್ರೇ, ಕೀಹೋಲ್ ಮಾಡ್ಲಿಕ್ಕೆ ಆಗ್ತದಾ?" ಮಂಗಳೂರಿನಲ್ಲಿ ಸ್ಕ್ಯಾನ್ ರಿಪೋರ್ಟ್ ಹಿಡಿದು ಬರುವ ತಾಯಂದಿರು ಮೊದಲು ಕೇಳುವುದೇ ಇದನ್ನು. ಕೀಹೋಲ್ ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ಕೇಳಬೇಕಾದ್ದೇ. ಆದರೆ ನನ್ನ ಚಿಂತೆ ಗಾಯದ ಅಳತೆಯಲ್ಲ, ಗುಳ್ಳೆಯೊಳಗಿನ ನೀರು.

ನಾಯಿಯ ಕರುಳಿನಲ್ಲಿ ಒಂದು ಪುಟ್ಟ ಲಾಡಿಹುಳು ಇರುತ್ತದೆ. ಒಂದು ಸೆಂಟಿಮೀಟರ್ ಕೂಡ ಉದ್ದವಿಲ್ಲ. ಅದರ ಮೊಟ್ಟೆ ನಾಯಿಯ ಮಲದಿಂದ ಮಣ್ಣಿಗೆ, ಸೊಪ್ಪಿಗೆ, ಮಕ್ಕಳ ಕೈಗೆ ಬರುತ್ತದೆ. ಹೊಟ್ಟೆಗೆ ಹೋದರೆ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಇದೇ ಹೈಡಾಟಿಡ್ ಸಿಸ್ಟ್.

ಈ ನೀರು ಹೊಟ್ಟೆಯೊಳಗೆ ಚೆಲ್ಲಿದರೆ ಅಲರ್ಜಿಯಾಗಿ ಬಿಪಿ ಕುಸಿಯಬಹುದು. ಅದರಲ್ಲಿರುವ ಮರಿಹುಳುಗಳು ಬಿದ್ದಲ್ಲೆಲ್ಲ ಹೊಸ ಗುಳ್ಳೆ ಏಳಬಹುದು. ಹಾಗಾಗಿ ಹೊಟ್ಟೆ ತೆರೆದರೂ, ತೂತಿನಿಂದ ಹೋದರೂ ಕೆಲಸ ಒಂದೇ. ಸುತ್ತಲೂ ಕಡು ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು, ಗುಳ್ಳೆಯ ನೀರನ್ನು ಹೀರಿ ತೆಗೆಯುತ್ತೇವೆ. ಮಕ್ಕಳಲ್ಲಿ ಈ ಉಪ್ಪುನೀರನ್ನೂ ಅಳೆದು ಬಳಸಬೇಕು, ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ. ಆಮೇಲೆ ಒಳಗಿನ ಪೊರೆ ಹೊರಬರುತ್ತದೆ. ಎಳೆ ಬೊಂಡದ ಗಂಜಿಯ ಹಾಗೆ ಬೆಳ್ಳಗೆ, ನುಣ್ಣಗೆ ಜಾರುತ್ತದೆ. ಖಾಲಿಯಾದ ಗುಂಡಿಯಲ್ಲಿ ಎಲ್ಲಾದರೂ ಪಿತ್ತ ಸೋರುತ್ತಿದೆಯೇ ನೋಡಿ ಹೊಲಿಗೆ ಹಾಕುತ್ತೇವೆ.

ಕೀಹೋಲ್‌ನಲ್ಲಿ ನೋವು ಕಡಿಮೆ, ಮಗು ಬೇಗ ಎದ್ದು ಓಡಾಡುತ್ತದೆ. ಕ್ಯಾಮೆರಾ ಗುಂಡಿಯೊಳಗೇ ಇಳಿದು ಮೂಲೆ ಮೂಲೆ ತೋರಿಸುತ್ತದೆ. ಇದು ನನಗೆ ಬಹಳ ಇಷ್ಟ. ಕೊಯಮತ್ತೂರಿನ ಡಾ. ಸಿ. ಪಳನಿವೇಲು ಅವರು ನೀರು ಚೆಲ್ಲದಂತೆ ಹೀರಲು ವಿಶೇಷ ಕೊಳವೆಯನ್ನೇ ರೂಪಿಸಿದ್ದಾರೆ. ಗುಳ್ಳೆ ಒಂದೇ ಇದ್ದು, ಲಿವರ್‌ನ ಮುಂಭಾಗದಲ್ಲಿದ್ದರೆ ನಾನೂ ಕೀಹೋಲನ್ನೇ ಹೇಳುತ್ತೇನೆ.

ಹಿಂಬದಿಯಲ್ಲಿ ಆಳಕ್ಕೆ ಹುದುಗಿದ್ದರೆ, ದೊಡ್ಡ ರಕ್ತನಾಳಕ್ಕೆ ಅಂಟಿದ್ದರೆ, ಅಥವಾ ಹಲವು ಗುಳ್ಳೆಗಳಿದ್ದರೆ ಹೊಟ್ಟೆ ತೆರೆಯುವುದೇ ಕ್ಷೇಮ. ಕೀಹೋಲ್ ಶುರುಮಾಡಿ ನಡುವೆ ತೆರೆದರು ಅಂದರೆ ದಯವಿಟ್ಟು ಅದನ್ನು ಸೋಲು ಅಂದುಕೊಳ್ಳಬೇಡಿ.

"ಶಾಲೆಯಲ್ಲಿ ಹುಳದ ಮಾತ್ರೆ ಕೊಟ್ಟಿದ್ದರಲ್ವಾ?" ಅಂತಲೂ ಕೇಳುತ್ತಾರೆ. ಔಷಧಿ ಅದೇ, ಅಲ್ಬೆಂಡಜೋಲ್. ಆದರೆ ಒಂದು ಮಾತ್ರೆಯಿಂದ ಈ ಗುಳ್ಳೆ ಸಾಯುವುದಿಲ್ಲ. ಆಪರೇಷನ್ನಿಗೆ ಮೊದಲೂ ಆಮೇಲೂ ಮಗುವಿನ ತೂಕ ನೋಡಿ ಕೊಡುತ್ತೇವೆ, ನಡುನಡುವೆ ರಕ್ತಪರೀಕ್ಷೆ ಮಾಡಿಸುತ್ತೇವೆ. ಕೆಲವು ಸಣ್ಣ ಗುಳ್ಳೆಗಳಿಗೆ ಮಾತ್ರೆಯೇ ಸಾಕಾಗುತ್ತದೆ. ಮಗು ಆಡಿಕೊಂಡಿದೆ ಅಂತ ಮಾತ್ರೆಯನ್ನು ಸುಮ್ನೆ ನಿಲ್ಲಿಸಬೇಡಿ. ಗುಳ್ಳೆ ವರ್ಷಗಳ ನಂತರವೂ ಮರಳಬಹುದು, ಹಾಗಾಗಿ ಸ್ಕ್ಯಾನಿಗೆ ಕರೆದ ದಿನ ತಪ್ಪದೆ ಬನ್ನಿ.