ಒಂಬತ್ತು ಅಂಕಿ, ಒಂದು ವಿಳಾಸ: ಕೆನಡಾದಲ್ಲಿದ್ದುಕೊಂಡು ಅಮೆರಿಕದ ಬ್ಯಾಂಕಿನ ಬಾಗಿಲು ತಟ್ಟುವುದು

ಎಲ್ಲರಿಗೂ ನಮಸ್ಕಾರ. ಹೊರಗೆ ಚೆಂದದ ಬಿಸಿಲಿದೆ. ಒಂಟಾರಿಯೋದಲ್ಲಿ ಇಂಥ ಭಾನುವಾರ ವರ್ಷಕ್ಕೆ ಎಷ್ಟು ಸಿಗುತ್ತವೆ ಅನ್ನುವುದು ನಿಮಗೂ ಗೊತ್ತು. ಅದನ್ನು ಬಿಟ್ಟು ಬ್ಯಾಂಕಿನ ಮಾತು ಕೇಳಲು ಬಂದಿದ್ದೀರಿ. ನಿಮ್ಮ ತಾಳ್ಮೆಗೆ ಮೊದಲೇ ಕೈ ಮುಗಿಯುತ್ತೇನೆ. ನಾನು ಬ್ಯಾಂಕಿನವನಲ್ಲ, ಅಕೌಂಟೆಂಟೂ ಅಲ್ಲ. ಮಿಸ್ಸಿಸಾಗದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವವನು. ಈ ವಿಷಯ ಕಲಿತದ್ದು ಕೈ ಸುಟ್ಟುಕೊಂಡು.

ಮಗಳು ಬಫಲೋದಲ್ಲಿ ಓದಲು ಸೇರಿದಳು. ಅಲ್ಲಿ ಬಾಡಿಗೆ ಕಟ್ಟಲು ಮನೆ ಓನರ್ ಒಂದು ವೆಬ್‌ಸೈಟ್ ತೋರಿಸಿದರು. ಅದು ಅಮೆರಿಕದ ಬ್ಯಾಂಕ್ ಖಾತೆಯಿಂದ ಮಾತ್ರ ದುಡ್ಡು ಎಳೆದುಕೊಳ್ಳುತ್ತದೆ. ‘ನನ್ನ ಹತ್ರ ಯುಎಸ್ ಡಾಲರ್ ಖಾತೆ ಇದೆಯಮ್ಮಾ, ಯೋಚನೆ ಮಾಡಬೇಡ’ ಅಂದೆ ನಾನು, ಜಂಬದಿಂದ. ಇಲ್ಲಿನ ಬ್ಯಾಂಕಿನಲ್ಲೇ ಎಷ್ಟೋ ವರ್ಷದ ಹಿಂದೆ ತೆರೆದ ಖಾತೆ ಅದು.

ವೆಬ್‌ಸೈಟ್ ಕೇಳಿದ್ದು ಒಂಬತ್ತು ಅಂಕಿಯ ರೂಟಿಂಗ್ ನಂಬರ್, ಅಂದರೆ ಅಮೆರಿಕದಲ್ಲಿ ಬ್ಯಾಂಕನ್ನು ಗುರುತಿಸುವ ನಂಬರ್. ನಮ್ಮ ಚೆಕ್ಕಿನ ಮೇಲೆ ಇರುವುದು ಶಾಖೆಯನ್ನು ಗುರುತಿಸುವ 5 ಅಂಕಿಯ ಟ್ರಾನ್ಸಿಟ್ ನಂಬರ್, 3 ಅಂಕಿಯ ಬ್ಯಾಂಕ್ ನಂಬರ್. ಒಟ್ಟು 8. ಮುಂದೆ ಒಂದು ಸೊನ್ನೆ ಸೇರಿಸಿದರೆ 9 ಆಗುತ್ತದಲ್ಲ! ಕೆನಡಾದೊಳಗೆ ಹಣ ಕಳಿಸುವಾಗ ಹಾಗೇ ಬರೆಯುವುದೂ ಉಂಟು. ಸೇರಿಸಿದೆ. ಕಂಪ್ಯೂಟರ್ ಒಂದೇ ಸೆಕೆಂಡಿನಲ್ಲಿ ತಳ್ಳಿಹಾಕಿತು. ಅಮೆರಿಕದ ರೂಟಿಂಗ್ ನಂಬರಿನ ಕೊನೆಯ ಅಂಕಿ ಮೊದಲ ಎಂಟರ ಲೆಕ್ಕದಿಂದ ಹುಟ್ಟಿದ್ದು. ಸುಮ್ನೆ ಜೋಡಿಸಿದ ನಂಬರ್ ಆ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಸಾಫ್ಟ್‌ವೇರಿನವನಾಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಕೊನೆಗೆ ಬ್ಯಾಂಕಿನಿಂದ ಬ್ಯಾಂಕಿಗೆ ವೈರ್ ಮೂಲಕ ದುಡ್ಡು ಕಳಿಸಿದೆ. ದಾರಿಯಲ್ಲಿ ಯಾವುದೋ ಬ್ಯಾಂಕು ತನ್ನ ಪಾಲು ಮುರಿದುಕೊಂಡಿತು. ದುಡ್ಡು ತಡವಾಗಿಯೂ ಹೋಯಿತು, ಕಡಿಮೆಯೂ ಹೋಯಿತು. ಓನರ್ 50 ಡಾಲರ್ ದಂಡ ಹಾಕಿದರು. ಮಗಳ ಫೋನ್ ಬಂತು: ‘ಅಪ್ಪಾ, ನಿಮ್ಮ ಡಾಲರ್ ಖಾತೆ ಏನಾಯ್ತು?’

ಏನೂ ಆಗಿರಲಿಲ್ಲ. ಅದು ಅಮೆರಿಕದ ಖಾತೆಯೇ ಆಗಿರಲಿಲ್ಲ, ಅಷ್ಟೇ. ಒಳಗಿದ್ದ ದುಡ್ಡು ಅಮೆರಿಕದ್ದು, ಖಾತೆ ಕೆನಡಾದ್ದು. ಮಂಗಳೂರಿನ ಅಂಗಡಿಯಲ್ಲಿ ಕಾಶ್ಮೀರದ ಸೇಬು ಇಟ್ಟರೆ ಅಂಗಡಿ ಕಾಶ್ಮೀರಕ್ಕೆ ಹೋಗುತ್ತಾ? ಇಲ್ಲಿ ಕುಳಿತವರಲ್ಲಿ ಅರ್ಧ ಜನಕ್ಕಾದರೂ ಇಂಥ ಖಾತೆ ಇರಬಹುದು. ಡಾಲರ್ ಕೂಡಿಡಲು ಅದು ಒಳ್ಳೆಯದೇ. ಆದರೆ ಗಡಿಯಾಚೆಯ ಬಿಲ್ ಕಟ್ಟಲು ಅಮೆರಿಕದ ನೆಲದಲ್ಲಿರುವ ಬ್ಯಾಂಕಿನ ಖಾತೆಯೇ ಬೇಕು.

ಅದನ್ನು ತೆರೆಯಲು ಹೋದರೆ ‘ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಆಗಲ್ಲ’ ಅನ್ನುವ ಮಾತು ಎದುರಾಗುತ್ತದೆ. ಅಮೆರಿಕದ ಸರ್ಕಾರ ಅಲ್ಲಿನ ಪ್ರಜೆಗಳಿಗೆ, ಕೆಲಸಗಾರರಿಗೆ ಕೊಡುವ ಗುರುತಿನ ನಂಬರ್ ಅದು. ಕಾನೂನು ಹಾಗೆ ಹೇಳುವುದಿಲ್ಲ. 2001ರ ಪೇಟ್ರಿಯಟ್ ಆ್ಯಕ್ಟ್ ಬಂದ ಮೇಲೆ ಬ್ಯಾಂಕುಗಳು ಪ್ರತಿ ಗ್ರಾಹಕನಿಂದ ನಾಲ್ಕು ವಿಷಯ ಪಡೆಯಬೇಕು: ಹೆಸರು, ಹುಟ್ಟಿದ ದಿನ, ವಿಳಾಸ, ಗುರುತಿನ ನಂಬರ್. ವಿದೇಶಿಯಾದರೆ ಆ ನಂಬರ್ ಪಾಸ್‌ಪೋರ್ಟಿನದೂ ಆಗಬಹುದು. ಅದನ್ನು ಕೊಟ್ಟ ದೇಶದ ಹೆಸರು ಹೇಳಿದರೆ ಸಾಕು. ಅಂದರೆ ಕಾನೂನಿನ ಬಾಗಿಲು ತೆರೆದೇ ಇದೆ. ಮುಚ್ಚಿರುವುದು ವೆಬ್‌ಸೈಟಿನ ಫಾರಂ. ಆ ಫಾರಂ ಬರೆದವರ ತಲೆಯಲ್ಲಿ ಇದ್ದದ್ದು ಓಹಾಯೋದ ಗ್ರಾಹಕ. ನಮ್ಮ ಒಂಟಾರಿಯೋದ ಓಕ್‌ವಿಲ್‌ನವರು ಬರುತ್ತಾರೆ ಅಂತ ಅವರು ಯೋಚಿಸಲೇ ಇಲ್ಲ.

ಹಾಗಾಗಿ ಎರಡು ದಾರಿ. ಒಂದು, ಗಡಿ ಊರಿನ ಅಮೆರಿಕನ್ ಬ್ಯಾಂಕಿಗೆ ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಮನೆ ವಿಳಾಸದ ಪುರಾವೆ ಹಿಡಿದು ಖುದ್ದಾಗಿ ಹೋಗುವುದು. ಕೆಲಸ ಆಗುವುದೂ ಉಂಟು, ಆಗದಿರುವುದೂ ಉಂಟು. ಎದುರು ಕುಳಿತ ಅಧಿಕಾರಿಗೆ ಇಂಥ ಖಾತೆ ತೆರೆದ ಅನುಭವ ಇದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಹೋಗುವ ಮೊದಲು ಫೋನ್ ಮಾಡಿ, ಇಲ್ಲದಿದ್ದರೆ ಪೆಟ್ರೋಲ್ ದಂಡ.

ಇನ್ನೊಂದು ಸುಲಭದ ದಾರಿ. ಎರಡೂ ದಡದಲ್ಲಿ ಕಾಲಿಟ್ಟು ನಿಂತ ಬ್ಯಾಂಕನ್ನೇ ಹಿಡಿಯುವುದು. ನಮ್ಮ ದೊಡ್ಡ ಬ್ಯಾಂಕುಗಳಿಗೆ ಆಚೆ ಮನೆಗಳಿವೆ. ಬಿಎಂಒ 1984ರಲ್ಲೇ ಶಿಕಾಗೋದ ಹ್ಯಾರಿಸ್ ಬ್ಯಾಂಕನ್ನು ಕೊಂಡಿತ್ತು. ಟಿಡಿಗೆ ಮೇನ್‌ನಿಂದ ಫ್ಲಾರಿಡಾವರೆಗೆ ಪೂರ್ವ ಕರಾವಳಿಯುದ್ದಕ್ಕೂ ಶಾಖೆಗಳಿವೆ. ಸಿಐಬಿಸಿ 2017ರಲ್ಲಿ ಶಿಕಾಗೋದಲ್ಲೇ ಒಂದು ಬ್ಯಾಂಕು ಕೊಂಡಿತು. ಆರ್‌ಬಿಸಿಯ ಕಥೆ ಸ್ವಲ್ಪ ಬೇರೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿದ್ದ ತನ್ನ ಶಾಖೆಗಳನ್ನು 2012ರಲ್ಲಿ ಪಿಎನ್‌ಸಿ ಅನ್ನುವ ಅಮೆರಿಕನ್ ಬ್ಯಾಂಕಿಗೆ ಮಾರಿಬಿಟ್ಟಿತು. ಆದರೆ ಚಳಿಗಾಲಕ್ಕೆ ಫ್ಲಾರಿಡಾಕ್ಕೆ ಹಾರುವ ಕೆನಡಾದವರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅವರಿಗಾಗಿ ಆರ್‌ಬಿಸಿ ಬ್ಯಾಂಕ್ ಜಾರ್ಜಿಯಾ ಅನ್ನುವ ಪುಟ್ಟ ಬ್ಯಾಂಕು ಉಳಿಯಿತು. ಇಲ್ಲಿ ಮನೆಯಲ್ಲೇ ಕುಳಿತು, ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ, ಅಲ್ಲಿ ಖಾತೆ ತೆರೆಯಬಹುದು. ರೂಟಿಂಗ್ ನಂಬರ್ ಸಿಗುತ್ತದೆ. ಮಗಳ ಬಾಡಿಗೆ ಸಮಸ್ಯೆಗೆ ಮದ್ದು ಅಷ್ಟೇ ಆಗಿತ್ತು.

ಠೇವಣಿಯ ಭದ್ರತೆ ಬಗ್ಗೆ ಒಂದು ಮಾತು. ಬ್ಯಾಂಕು ಮುಳುಗಿದರೆ ಠೇವಣಿ ತುಂಬಿಕೊಡುವ ಅಮೆರಿಕದ ಎಫ್‌ಡಿಐಸಿ ವಿಮೆ 2,50,000 ಡಾಲರ್‌ವರೆಗೆ. ನೀವು ಯಾವ ದೇಶದ ಪ್ರಜೆ ಅಂತ ಅದು ಕೇಳುವುದಿಲ್ಲ.

ಈಗ ಕಾರ್ಡಿಗೆ ಬರೋಣ. ನೀವು ಹೆಚ್ಚಿನವರು ಬಂದದ್ದೇ ಅದಕ್ಕೆ, ಅಲ್ವಾ?

ನಾವೆಲ್ಲ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಇಲ್ಲಿಗೆ ಬಂದಾಗ ಏನಾಯಿತು ನೆನಪಿಸಿಕೊಳ್ಳಿ. ಊರಲ್ಲಿ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದ ದಿನ ಅದರ ಬೆಲೆ ಸೊನ್ನೆ. 500 ಡಾಲರ್ ಠೇವಣಿ ಇಟ್ಟು 500 ಡಾಲರ್ ಮಿತಿಯ ಕಾರ್ಡ್ ತೆಗೆದುಕೊಂಡವರು ಇಲ್ಲಿ ಎಷ್ಟು ಜನ? ಹಾಂ, ಕೈಗಳು ಏಳುತ್ತಿವೆ. ಗಡಿ ದಾಟಿದರೆ ಅದೇ ಕಥೆ ಮತ್ತೆ. ನಮ್ಮ ಸಾಲದ ಇತಿಹಾಸದ ಫೈಲ್ ಇಡುವ ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಕಂಪನಿಗಳು ಎರಡೂ ದೇಶದಲ್ಲಿ ಇವೆ. ಹೆಸರು ಒಂದೇ, ಆದರೆ ಫೈಲ್ ಬೇರೆ. ಇಲ್ಲಿನ ಸ್ಕೋರ್ 900ರವರೆಗೆ ಹೋಗುತ್ತದೆ, ಅಲ್ಲಿನದು 850ಕ್ಕೆ ನಿಲ್ಲುತ್ತದೆ. ಅಣ್ಣ ತಮ್ಮ ಒಂದೇ ಊರಲ್ಲಿ ಬೇರೆ ಬೇರೆ ಅಂಗಡಿ ಇಟ್ಟ ಹಾಗೆ. ಅಣ್ಣನ ಅಂಗಡಿಯ ಉದ್ರಿ ಪುಸ್ತಕ ತಮ್ಮ ತೆರೆದು ನೋಡುವುದಿಲ್ಲ.

ಎರಡು ದಡದ ಬ್ಯಾಂಕು ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ನಿಮ್ಮ ಕೆನಡಾದ ಇತಿಹಾಸ ನೋಡಿ ಅಮೆರಿಕದ ಕಾರ್ಡ್ ಕೊಡುವ ಏರ್ಪಾಡು ಅಲ್ಲಿ ಉಂಟು. ಮೊದಲ ಕಾರ್ಡ್ ಸಪ್ಪೆಯಾಗಿರುತ್ತದೆ. ದೊಡ್ಡ ಬೋನಸ್ ನಿರೀಕ್ಷೆ ಬೇಡ. ತಿಂಗಳಿಗೆ ಒಂದೆರಡು ಸಣ್ಣ ಖರ್ಚು ಮಾಡಿ, ಬಿಲ್ ಪೂರ್ತಿ ಕಟ್ಟುತ್ತಾ ಹೋಗಿ. ಅಮೆರಿಕದ ಬ್ಯಾಂಕುಗಳು ನೋಡುವ ಫೈಕೋ ಕ್ರೆಡಿಟ್ ಸ್ಕೋರ್ ಹುಟ್ಟಲು ಕನಿಷ್ಠ 6 ತಿಂಗಳ ಹಳೆಯ ಖಾತೆ ಒಂದಾದರೂ ಬೇಕು. ಅಲ್ಲಿಯವರೆಗೆ ಬೇರೆ ಬ್ಯಾಂಕುಗಳಿಗೆ ಅರ್ಜಿ ಹಾಕಿ ‘ಇಲ್ಲ’ ಅನ್ನಿಸಿಕೊಳ್ಳಬೇಡಿ.

ಆಮೇಲೆ ಬರುವುದು ಐಟಿಐಎನ್. ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ತೆರಿಗೆ ಕೆಲಸಕ್ಕಾಗಿ ಅಮೆರಿಕದ ತೆರಿಗೆ ಇಲಾಖೆ 1996ರಿಂದ ಕೊಡುತ್ತಿರುವ ನಂಬರ್. ಇದಕ್ಕೂ ಒಂಬತ್ತೇ ಅಂಕಿ, ಶುರುವಾಗುವುದು 9ರಿಂದ. ಕೆಲವು ದೊಡ್ಡ ಕಾರ್ಡ್ ಕಂಪನಿಗಳು ಇದನ್ನು ಒಪ್ಪುತ್ತವೆ. ಅದಕ್ಕೇ ಕಾರ್ಡಿನ ಬೋನಸ್ ಪಾಯಿಂಟ್ಸ್ ಬೇಟೆಗಾರರಿಗೆ ಇದರ ಮೇಲೆ ಕಣ್ಣು. ಆದರೆ ‘ಕ್ರೆಡಿಟ್ ಕಾರ್ಡ್ ಬೇಕು, ಅದಕ್ಕೇ ಐಟಿಐಎನ್ ಕೊಡಿ’ ಅಂದರೆ ಕೊಡುವುದಿಲ್ಲ. ತೆರಿಗೆಗೆ ಸಂಬಂಧಪಟ್ಟ ಕಾರಣ ಬೇಕು. ಫ್ಲಾರಿಡಾದಲ್ಲಿ ಮನೆ ಬಾಡಿಗೆಗೆ ಕೊಟ್ಟಿದ್ದೀರಾ? ಅರಿಝೋನಾದ ಮನೆ ಮಾರಿದ್ದೀರಾ? ಹಾಗಾದರೆ ಡಬ್ಲ್ಯೂ-7 ಫಾರಂ ತುಂಬಿ. ಗುರುತು ಮತ್ತು ವಿದೇಶಿತನ ಎರಡನ್ನೂ ಒಂದೇ ಏಟಿಗೆ ಸಾಬೀತು ಮಾಡುವ ದಾಖಲೆ ಪಾಸ್‌ಪೋರ್ಟ್ ಒಂದೇ. ಅದನ್ನು ಅಂಚೆಯಲ್ಲಿ ಕಳಿಸಲು ಭಯವಾದರೆ, ಪರಿಶೀಲಿಸಿ ದೃಢೀಕರಿಸುವ ಅಧಿಕೃತ ಏಜೆಂಟರು ಕೆನಡಾದಲ್ಲೂ ಇದ್ದಾರೆ. ಸತತ ಮೂರು ವರ್ಷ ತೆರಿಗೆ ರಿಟರ್ನ್‌ನಲ್ಲಿ ಬಳಸದಿದ್ದರೆ ಆ ನಂಬರಿನ ಅವಧಿ ಮುಗಿಯುತ್ತದೆ ಅನ್ನುವುದು ನೆನಪಿರಲಿ.

ಈ ಸಭೆಯಲ್ಲಿ ಕೆಲವರಿಗೆ ಇದರ ಗೊಡವೆಯೇ ಇಲ್ಲ. ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿ ಸನ್ನಿವೇಲ್‌ನಲ್ಲೋ ಡಲ್ಲಾಸ್‌ನಲ್ಲೋ ಕೆಲಸ ಮಾಡಿ ಇಲ್ಲಿಗೆ ಬಂದವರು. 2023ರ ಜುಲೈನಲ್ಲಿ ಕೆನಡಾ ಎಚ್-1ಬಿಯವರಿಗೆ ವರ್ಕ್ ಪರ್ಮಿಟ್ ತೆರೆದಾಗ 10,000 ಅರ್ಜಿಯ ಮಿತಿ ನೋಡನೋಡುತ್ತಿದ್ದಂತೆ ತುಂಬಿಹೋಯಿತು. ಹಾಗೆ ಬಂದವರು ಕೇಳಿಸಿಕೊಳ್ಳಿ. ನಿಮ್ಮ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಾಯುವವರೆಗೂ ನಿಮ್ಮದೇ. ವೀಸಾ ಮುಗಿದರೂ ನಂಬರ್ ಮುಗಿಯುವುದಿಲ್ಲ. ಎಷ್ಟೋ ಜನ ಊರು ಬಿಡುವ ಗಡಿಬಿಡಿಯಲ್ಲಿ ಎಲ್ಲ ಕಾರ್ಡನ್ನೂ ರದ್ದು ಮಾಡಿ ಬರುತ್ತಾರೆ. ವಾರ್ಷಿಕ ಶುಲ್ಕ ಇಲ್ಲದ ಹಳೆಯ ಕಾರ್ಡ್ ಒಂದನ್ನಾದರೂ ಇಟ್ಟುಕೊಳ್ಳಬೇಕಿತ್ತು. ಆದರೆ ವಿಳಾಸ ಬದಲಾಗಿದೆ ಅಂತ ಬ್ಯಾಂಕಿಗೆ ಹೇಳಿ. ಭಾರತ ಬಿಟ್ಟ ಮೇಲೆ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಬೇಕು ಅನ್ನುವುದನ್ನು ಹತ್ತು ವರ್ಷ ಮುಂದೂಡಿದವರು ನಮ್ಮಲ್ಲಿ ಇದ್ದಾರೆ. ನಗಬೇಡಿ, ನಾನೂ ಒಬ್ಬ.

ವಿಳಾಸ ಅಂದೆನಲ್ಲ, ಈ ವಿಷಯದಲ್ಲಿ ಜನ ಎಡವುವುದು ಅಲ್ಲೇ. ಬಹಳಷ್ಟು ಕಾರ್ಡ್ ಕಂಪನಿಗಳು ಅಮೆರಿಕದ ವಿಳಾಸ ಇಲ್ಲದೆ ಕಾರ್ಡ್ ಕಳಿಸುವುದಿಲ್ಲ. ವಾಷಿಂಗ್‌ಟನ್ ರಾಜ್ಯದ ಬ್ಲೇನ್, ಪಾಯಿಂಟ್ ರಾಬರ್ಟ್ಸ್‌ನಂಥ ಗಡಿ ಊರುಗಳಲ್ಲಿ ಅಂಚೆ ಪೆಟ್ಟಿಗೆ ಬಾಡಿಗೆಗೆ ಕೊಡುವ ಅಂಗಡಿಗಳು ಕೆನಡಾದವರನ್ನು ನಂಬಿಯೇ ಬದುಕುತ್ತವೆ. ಎರಡು ಗುರುತಿನ ದಾಖಲೆ ಕೊಟ್ಟು 1583 ಅನ್ನುವ ಅಂಚೆ ಇಲಾಖೆ ಫಾರಂ ತುಂಬಿದರೆ ನಿಮ್ಮ ಹೆಸರಿಗೆ ಬಂದ ಪತ್ರ ಅಲ್ಲಿ ಇಟ್ಟಿರುತ್ತಾರೆ. ಇದು ಪೂರ್ತಿ ಕಾನೂನುಬದ್ಧ. ಪತ್ರ ಬರುವ ವಿಳಾಸ ಅಂತ ಅದನ್ನು ಕೊಡಿ. ವಾಸದ ವಿಳಾಸ ಅನ್ನುವ ಜಾಗದಲ್ಲಿ ಅದನ್ನು ಬರೆಯಬೇಡಿ. ಅದು ಅಂಗಡಿ ಅಂತ ಬ್ಯಾಂಕಿನ ಕಂಪ್ಯೂಟರಿಗೂ ಗೊತ್ತಾಗುತ್ತದೆ.

ಅಮೆರಿಕನ್ ಎಕ್ಸ್‌ಪ್ರೆಸ್‌ನಲ್ಲಿ ಗ್ಲೋಬಲ್ ಟ್ರಾನ್ಸ್‌ಫರ್ ಅಂತ ಒಂದು ಸೌಲಭ್ಯವಿದೆ. ಕೆನಡಾದಲ್ಲಿ ಆ ಕಂಪನಿಯೇ ಕೊಟ್ಟ ಕಾರ್ಡ್ ಕೆಲವು ತಿಂಗಳಿಂದ ನಿಮ್ಮ ಬಳಿ ಇದ್ದರೆ, ಆ ಸಂಬಂಧವನ್ನೇ ನೋಡಿ ಅಮೆರಿಕದಲ್ಲಿ ಕಾರ್ಡ್ ಕೊಡುತ್ತಾರೆ. ಕೇಳಲು ಎಷ್ಟು ಸಿಹಿ! ಆದರೆ ಅದು ಇರುವುದು ಮನೆ ಬದಲಿಸಿ ಆಚೆ ಹೋಗುವವರಿಗೆ. ಬ್ರ್ಯಾಂಪ್ಟನ್‌ನಲ್ಲಿ ಕುಳಿತು ‘ನಾನು ನ್ಯೂಯಾರ್ಕ್‌ಗೆ ಬಂದುಬಿಟ್ಟೆ’ ಅಂತ ಬರೆದರೆ ಅದು ಸುಳ್ಳು. ಸಾಲದ ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಬರೆಯುವುದು ಅಲ್ಲಿ ಫೆಡರಲ್ ಅಪರಾಧ. ವಾರ ಬಿಟ್ಟು ವಾರ ಗಡಿಯ ಪೀಸ್ ಬ್ರಿಜ್ ದಾಟುವ ನಮಗೆ ನಾಲ್ಕು ಪಾಯಿಂಟ್ಸ್ ಆಸೆಗೆ ಆ ತಲೆನೋವು ಬೇಕಾ? ನನಗಂತೂ ಬೇಡ.

ಇನ್ನು ಲಾಭದ ಲೆಕ್ಕ. ಇಲ್ಲಿನ ಹೆಚ್ಚಿನ ಕಾರ್ಡುಗಳು ವಿದೇಶಿ ಖರ್ಚಿಗೆ 2.5 ಪರ್ಸೆಂಟ್ ಮುರಿಯುತ್ತವೆ. ಅಮೆರಿಕದ ಕಾರ್ಡ್ ಇದ್ದರೆ ಅದು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸ್ವಲ್ಪ ತಾಳಿ. ಆ ಕಾರ್ಡಿನ ಬಿಲ್ ಕಟ್ಟಬೇಕಾದದ್ದು ಯುಎಸ್ ಡಾಲರಿನಲ್ಲಿ. ನಿಮ್ಮ ಸಂಬಳ ಕೆನಡಾ ಡಾಲರಿನಲ್ಲಿ. ಬ್ಯಾಂಕಿನಲ್ಲೇ ಬದಲಾಯಿಸಿದರೆ ದರದೊಳಗೇ ಸುಮಾರು 2 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅವರ ಪಾಲು ಅಡಗಿರುತ್ತದೆ. ಬಲಗೈಯಲ್ಲಿ ಉಳಿಸಿದ್ದನ್ನು ಎಡಗೈಯಲ್ಲಿ ಕೊಟ್ಟ ಹಾಗಾಯಿತು. ದೊಡ್ಡ ಮೊತ್ತವಾದರೆ ನಾರ್ಬರ್ಟ್ಸ್ ಗ್ಯಾಂಬಿಟ್ ಅನ್ನುವ ಉಪಾಯವಿದೆ: ಟೊರಾಂಟೋ ಷೇರುಪೇಟೆಯಲ್ಲಿ ಎರಡೂ ಡಾಲರಿನಲ್ಲಿ ವ್ಯಾಪಾರವಾಗುವ ಡಿಎಲ್‌ಆರ್ ಅನ್ನುವ ಫಂಡನ್ನು ಕೆನಡಾ ಡಾಲರಿನಲ್ಲಿ ಕೊಂಡು, ಅದನ್ನೇ ಯುಎಸ್ ಡಾಲರಿನಲ್ಲಿ ಮಾರುವುದು. ಮಗಳ ಒಂದು ಸೆಮಿಸ್ಟರ್ ಫೀಸನ್ನು ನಾನು ಹಾಗೆ ಬದಲಾಯಿಸಿದೆ. ಖರ್ಚಾದದ್ದು ಬ್ರೋಕರ್ ಶುಲ್ಕ ಮತ್ತು ಒಂದೆರಡು ದಿನದ ಕಾಯುವಿಕೆ.

ವರ್ಷಕ್ಕೆ ಎರಡು ಸಲ ಔಟ್‌ಲೆಟ್ ಮಾಲ್‌ಗೆ ಹೋಗುವವರಿಗೆ ಇದ್ಯಾವುದೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ವಿದೇಶಿ ಶುಲ್ಕ ಇಲ್ಲದ ಕಾರ್ಡ್ ಕೆನಡಾದಲ್ಲೇ ಸಿಗುತ್ತದೆ, ಸ್ಕೋಶಿಯಾಬ್ಯಾಂಕಿನ ಪಾಸ್‌ಪೋರ್ಟ್ ವೀಸಾ ಇನ್ಫಿನಿಟ್ ಹಾಗಿನದು. ಅದು ಸಾಕು. ಮಕ್ಕಳು ಆಚೆ ಓದುತ್ತಿದ್ದರೆ, ಮನೆ ಇದ್ದರೆ, ಡಾಲರಿನಲ್ಲಿ ಆದಾಯ ಇದ್ದರೆ ಮಾತ್ರ ಈ ಓಡಾಟ ದುಡಿಯುತ್ತದೆ.

ತೆರಿಗೆಯದು ಚುಟುಕಾಗಿ ಹೇಳಿಬಿಡುತ್ತೇನೆ. ಖಾತೆ ತೆರೆಯುವಾಗ ಡಬ್ಲ್ಯೂ-8ಬೆನ್ ಫಾರಂಗೆ ಸಹಿ ಹಾಕಿಸಿಕೊಳ್ಳುತ್ತಾರೆ. ‘ನಾನು ಅಮೆರಿಕದವನಲ್ಲ’ ಅನ್ನುವ ಹೇಳಿಕೆ ಅದು. ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಅದಕ್ಕೆ ಸಹಿ ಹಾಕುವಂತಿಲ್ಲ. ಆ ಫಾರಂ ಕೊಟ್ಟರೆ ಬ್ಯಾಂಕ್ ಬಡ್ಡಿಗೆ ಅಮೆರಿಕ ತೆರಿಗೆ ಹಿಡಿಯುವುದಿಲ್ಲ. ಆದರೆ ಬಡ್ಡಿಯನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಲೇಬೇಕು. ‘ನಲವತ್ತು ಡಾಲರ್ ಬಡ್ಡಿ ಯಾರಿಗೆ ಗೊತ್ತಾಗುತ್ತೆ’ ಅನ್ನಬೇಡಿ. ಕೆನಡಾದವರಿಗೆ ಕೊಟ್ಟ ಬಡ್ಡಿಯನ್ನು ಬ್ಯಾಂಕುಗಳು 1042-ಎಸ್ ಅನ್ನುವ ಚೀಟಿಯಲ್ಲಿ ವರದಿ ಮಾಡುತ್ತವೆ. ವಿದೇಶದಲ್ಲಿಟ್ಟ ಆಸ್ತಿಯ ಮೂಲ ಬೆಲೆ ಒಟ್ಟು 1,00,000 ಕೆನಡಾ ಡಾಲರ್ ದಾಟಿದರೆ ಟಿ-1135 ಫಾರಂ ಬೇರೆ. ಊರಿನ ಎಫ್‌ಡಿ, ಬಾಡಿಗೆಗೆ ಕೊಟ್ಟ ಮೈಸೂರಿನ ಫ್ಲಾಟು ಎಲ್ಲ ಆ ಲೆಕ್ಕಕ್ಕೇ ಸೇರುತ್ತವೆ. ತಡಮಾಡಿದರೆ ದಿನಕ್ಕೆ 25 ಡಾಲರ್ ದಂಡ, 2,500ರವರೆಗೆ.

ಒಬ್ಬರು ಹಿರಿಯರು ಆಗಲೇ ಚೀಟಿ ಕಳಿಸಿದ್ದಾರೆ: ‘ಅಮೆರಿಕದ ಪೆಟ್ರೋಲ್ ಪಂಪು ಝಿಪ್ ಕೋಡ್ ಕೇಳುತ್ತದೆ, ನಮ್ಮ ಪೋಸ್ಟಲ್ ಕೋಡಿನಲ್ಲಿ ಅಕ್ಷರ ಇದೆಯಲ್ಲ, ಏನು ಮಾಡಲಿ?’ ಸಾರ್, ಅಕ್ಷರ ಬಿಡಿ. ಮೂರು ಅಂಕಿ ಒತ್ತಿ, ಕೊನೆಗೆ ಎರಡು ಸೊನ್ನೆ ಸೇರಿಸಿ. ನಮ್ಮ ಸಿಟಿ ಹಾಲಿನ ಕೋಡ್ ಎಲ್5ಬಿ 3ಸಿ1. ಅಂದರೆ 53100. ಹೆಚ್ಚಿನ ಸಲ ನಡೆಯುತ್ತದೆ. ನಡೆಯದಿದ್ದರೆ ಒಳಗೆ ಹೋಗಿ ಕೌಂಟರಿನಲ್ಲಿ ಕೊಡಿ, ಹಾಗೇ ಒಂದು ಕಾಫಿಯೂ ಆಗುತ್ತದೆ.

ಉಳಿದ ಪ್ರಶ್ನೆ ಈಗ ಕೇಳಿ. ಹಾಲ್ ಐದು ಗಂಟೆಗೆ ಬಿಟ್ಟುಕೊಡಬೇಕು, ಹಿಂದೆ ಚುರುಮುರಿ ಕಲಸುತ್ತಿರುವ ಸದ್ದೂ ಕೇಳಿಸುತ್ತಿದೆ.