ಕಪ್ಪೆ ಚರ್ಮದ ಗುರಾಣಿ: ಕ್ಯಾನ್ಸರಿಗೂ ಆದೀತಾ?

[ದೃಶ್ಯ: ರಾಡಿ ನೀರಿನ ತೊಟ್ಟಿ. ಕಪ್ಪೆಯ ಹೊಟ್ಟೆ ಮೇಲೆ ಹೊಲಿಗೆ.]

ಹೊಟ್ಟೆ ಕೊಯ್ದು, ಹೊಲಿದು, ತಕ್ಷಣ ಈ ನೀರಿಗೆ ಬಿಟ್ಟರೆ? ನಮಗಾದ್ರೆ ಗಾಯ ಕೀವಾಗುತ್ತೆ. ಈ ಕಪ್ಪೆಗೆ ಏನೂ ಆಗಲಿಲ್ಲ.

ಅಮೆರಿಕದ ವಿಜ್ಞಾನಿ ಮೈಕೆಲ್ ಝಾಸ್ಲಾಫ್ ತಮ್ಮ ಸಂಶೋಧನೆಗೆ ಮೊಟ್ಟೆ ಬೇಕು ಅಂತ ಆಫ್ರಿಕಾದ ಝೆನೋಪಸ್ ಕಪ್ಪೆಗಳ ಅಂಡಾಶಯ ತೆಗೀತಿದ್ರು. ಆ ಗಾಯ ಕೊಳೀದೇ ಇದ್ದದ್ದು ಅವರನ್ನ ಕಾಡ್ತು. ಚರ್ಮ ಜಾಲಾಡಿದಾಗ ಸಿಕ್ಕಿದ್ದು 23 ಅಮೈನೋ ಆಮ್ಲಗಳ ಪುಟ್ಟ ಸರ, ಅಂದ್ರೆ ಪೆಪ್ಟೈಡ್. 1987ರಲ್ಲಿ ಅದಕ್ಕೆ ‘ಮಗೈನಿನ್’ ಅಂತ ಹೆಸರಿಟ್ರು. ಹೀಬ್ರೂ ಭಾಷೆಯಲ್ಲಿ ‘ಮಗೇನ್’ ಅಂದ್ರೆ ಗುರಾಣಿ.

[ಅನಿಮೇಷನ್: ಜೀವಕೋಶದ ಪೊರೆ, ಪ್ಲಸ್ ಮತ್ತು ಮೈನಸ್ ಗುರುತು]

ಈಗ ಅಸಲಿ ಆಟ ನೋಡಿ. ಮಗೈನಿನ್‌ಗೆ ಪ್ಲಸ್ ಚಾರ್ಜ್. ಬ್ಯಾಕ್ಟೀರಿಯಾದ ಹೊರಮೈಗೆ ಮೈನಸ್. ಎರಡೂ ಅಂಟಿಕೊಳ್ತವೆ, ಪೊರೆ ತೂತು ಬೀಳುತ್ತೆ, ಬ್ಯಾಕ್ಟೀರಿಯಾ ಸಾಯುತ್ತೆ. ನಮ್ಮ ಆರೋಗ್ಯವಂತ ಕೋಶದ ಹೊರಮೈಯಲ್ಲಿ ಹೆಚ್ಚುಕಡಿಮೆ ಯಾವ ಚಾರ್ಜೂ ಇಲ್ಲ. ಮೈನಸ್ ಚಾರ್ಜಿನ ಫಾಸ್ಫಟಿಡಿಲ್‌ಸೆರೀನ್ ಅನ್ನೋ ಕೊಬ್ಬು ಪೊರೆಯ ಒಳಬದಿಯಲ್ಲಿ ಅಡಗಿರುತ್ತೆ. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಅದೇ ಕೊಬ್ಬು ಹೊರಗೆ ಬಂದು ಕೂತಿರುತ್ತೆ! ಹಾಗಾಗಿ ಪೆಪ್ಟೈಡ್‌ಗೆ ಅವೂ ಗುರಿ. 1990ರ ದಶಕದ ಲ್ಯಾಬ್ ಪ್ರಯೋಗಗಳಲ್ಲಿ ಮಗೈನಿನ್ ಕ್ಯಾನ್ಸರ್ ಕೋಶಗಳನ್ನ ಒಡೆದು ಹಾಕ್ತು.

‘ಹಾಗಾದ್ರೆ ಔಷಧಿ ಎಲ್ಲಿ?’ ಅಂತೀರಾ?

ಕ್ಯಾನ್ಸರಿಗೆ ಕಪ್ಪೆ ಪೆಪ್ಟೈಡಿನ ಔಷಧಿ ಒಂದೂ ಮಾರುಕಟ್ಟೆಗೆ ಬಂದಿಲ್ಲ. ಗಾಜಿನ ತಟ್ಟೆ ಬೇರೆ, ಮೈಯೊಳಗಿನ ರಕ್ತ ಬೇರೆ. ರಕ್ತದಲ್ಲಿರೋ ಕಿಣ್ವಗಳು ಈ ಸರವನ್ನ ಚೂರುಚೂರು ಮಾಡ್ತವೆ. ಡೋಸ್ ಏರಿಸೋಣ ಅಂದ್ರೆ ಕೆಲವು ಪೆಪ್ಟೈಡ್‌ಗಳು ಕೆಂಪು ರಕ್ತಕಣಗಳನ್ನೇ ಒಡೀತವೆ. ತಯಾರಿಕೆಯ ಖರ್ಚೂ ಜಾಸ್ತಿ. ಮಗೈನಿನ್ ಮಾದರಿಯಲ್ಲೇ ಮಾಡಿದ ‘ಪೆಕ್ಸಿಗನಾನ್’ ಮುಲಾಮು, ಅದೂ ಮಧುಮೇಹಿಗಳ ಕಾಲಿನ ಹುಣ್ಣಿಗೆ ಹಚ್ಚೋದು, ಅದಕ್ಕೇ 1999ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಗಲಿಲ್ಲ.

[ದೃಶ್ಯ: ಪಶ್ಚಿಮ ಘಟ್ಟದ ಮಳೆ]

ನಮ್ಮ ಘಟ್ಟದ ಕಪ್ಪೆಯೊಂದು 2017ರಲ್ಲಿ ಸುದ್ದಿಯಾಗಿತ್ತು, ನೆನಪಿದೆಯಾ? ಅದರ ಚರ್ಮದ ‘ಉರುಮಿನ್’ ಅನ್ನೋ ಪೆಪ್ಟೈಡ್ ಕೊಂದಿದ್ದು ಫ್ಲೂ ವೈರಸ್ಸನ್ನ, ಕ್ಯಾನ್ಸರ್ ಕೋಶವನ್ನಲ್ಲ. ವಾಟ್ಸಾಪಲ್ಲಿ ಅದನ್ನೂ ಇದನ್ನೂ ಕಲಸಿ ಫಾರ್ವರ್ಡ್ ಮಾಡ್ಬೇಡಿ. ಕಪ್ಪೆ ಹಿಡಿಯೋಕಂತೂ ಹೋಗ್ಲೇಬೇಡಿ, ಈ ಪೆಪ್ಟೈಡ್‌ಗಳನ್ನ ಲ್ಯಾಬಲ್ಲೇ ಪೋಣಿಸಬಹುದು.

ಹಾಗೆ ಪೋಣಿಸುವಾಗ್ಲೇ ಒಂದು ಉಪಾಯ ಮಾಡ್ತಾರೆ. ಕನ್ನಡಿಯಲ್ಲಿ ಕಾಣೋ ಹಾಗೆ ಎಡಬಲ ತಿರುಗಿಸಿದ ಅಮೈನೋ ಆಮ್ಲಗಳನ್ನ ಸರಕ್ಕೆ ಸೇರಿಸ್ತಾರೆ. ಕಿಣ್ವದ ಕತ್ತರಿಗೆ ಆ ಸರ ಸುಲಭಕ್ಕೆ ಸಿಗಲ್ಲ. ಕೆಂಪು ರಕ್ತಕಣಗಳನ್ನ ಉಳಿಸಿಕೊಳ್ಳೋ ಕೆಲಸ ಮಾತ್ರ ಇನ್ನೂ ಬಾಕಿ.