ಮಧ್ಯಾಹ್ನ ಎರಡರ ಪರೀಕ್ಷೆ, ಬೆಳಗಿನ ಭಯ

ಗೆಳೆಯರೇ, ನಮಸ್ಕಾರ.

ಸಿಎ ಫೈನಲ್‌ಗೆ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗುವ ಕೊನೆಯ ಪರೀಕ್ಷೆಗೆ, ಕೂರುವವರಿಗೆ "ಹೆದರಬೇಡಿ" ಅಂತ ಹೇಳೋದು ಸುಲಭ. ನಾನು ಹೇಳುವುದಿಲ್ಲ. 2024ರ ನವೆಂಬರ್‌ನಲ್ಲಿ ಎರಡೂ ಗ್ರೂಪ್ (ತಲಾ ಮೂರು ಪೇಪರ್) ಒಟ್ಟಿಗೆ ಬರೆದವರಲ್ಲಿ ಪಾಸಾದವರು ಶೇ 13.44 ಮಾತ್ರ. ಇದನ್ನು ಕೇಳಿಯೂ ಎದೆ ಢವಢವ ಅನ್ನದವರು ಲೆಕ್ಕಪರಿಶೋಧನೆಗೆ ಬರದಿರುವುದೇ ಒಳ್ಳೆಯದು!

ಸ್ವಲ್ಪ ಹೆದರಿಕೆ ಬೇಕು ಕೂಡ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಇಲಿಗಳಿಗೆ ಶಾಕ್ ಕೊಟ್ಟು ಕಲಿಸಿ ನೋಡಿದರು. ಕಷ್ಟದ ಕೆಲಸದಲ್ಲಿ ಶಾಕ್ ತೀರಾ ಕಡಿಮೆ ಇದ್ದರೂ ಕಲಿಕೆ ನಿಧಾನವಾಯಿತು, ಜಾಸ್ತಿ ಆದರೂ ನಿಧಾನವಾಯಿತು. ಅವು ಇಲಿಗಳು ನಿಜ. ಆದರೆ ಎರಡು ವರ್ಷ ಆರ್ಟಿಕಲ್‌ಶಿಪ್ ಎಂಬ ಕಚೇರಿ ತರಬೇತಿ ಮಾಡಿದವರು ಅವುಗಳಿಗಿಂತ ಬಹಳ ದೂರವೇನಿಲ್ಲ, ಅಲ್ವಾ?

ಜಾಸ್ತಿ ಆದ ಭಯವನ್ನು ಏನು ಮಾಡುವುದು? ನಾನು ಕಂಡಂತೆ, ಆ ಭಯ ಹುಟ್ಟುವುದು ಓದದೇ ಉಳಿದ ಪಾಠಗಳಿಂದಲ್ಲ. ಇನ್ನೂ ತೀರ್ಮಾನ ಮಾಡದೇ ಬಿಟ್ಟ ವಿಷಯಗಳಿಂದ. ಸಿಎ ಪರೀಕ್ಷೆ ಶುರುವಾಗುವುದು ಮಧ್ಯಾಹ್ನ ಎರಡಕ್ಕೆ. ಹಾಗಾಗಿ ಇಡೀ ಬೆಳಿಗ್ಗೆ ನಿಮ್ಮ ಮುಂದೆ ಖಾಲಿ ಬಿದ್ದಿರುತ್ತದೆ. ಏನು ಓದಲಿ? ಆದಾಯ ಲೆಕ್ಕ ಹಾಕುವ ಮಾನದಂಡ ಇಂಡ್ ಎಎಸ್ 115 ಮತ್ತೊಮ್ಮೆ ನೋಡಲಾ, ಕಂಪನಿಗಳ ಲೆಕ್ಕ ಒಟ್ಟುಗೂಡಿಸುವ ಕನ್ಸಾಲಿಡೇಷನ್ ಮಾಡಲಾ? ಅಷ್ಟರಲ್ಲಿ ಟೆಲಿಗ್ರಾಂನಲ್ಲಿ ಯಾರೋ "ಇದು ಬಂದೇ ಬರುತ್ತೆ" ಅಂತ ಒಂದು ಪಿಡಿಎಫ್ ಹಾಕುತ್ತಾರೆ. ಅಲ್ಲಿಗೆ ಬೆಳಿಗ್ಗೆ ಕೆಟ್ಟಿತು.

ಆ ಬೆಳಗಿನ ಓದನ್ನು ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಡಿ. ಹಾಳೆಯಲ್ಲಿ ಇಲ್ಲದ್ದನ್ನು ಮುಟ್ಟಬೇಡಿ. ಹೊಸ ವಿಷಯವಂತೂ ಬೇಡವೇ ಬೇಡ. ಅಡ್ಮಿಟ್ ಕಾರ್ಡ್, ಪೆನ್ನು, ಕ್ಯಾಲ್ಕುಲೇಟರ್ ರಾತ್ರಿಯೇ ಬ್ಯಾಗಿಗೆ ಹೋಗಲಿ. ಬೆಂಗಳೂರಿನವರು ಸೆಂಟರ್ ದಾರಿಯನ್ನೂ ಆಗಲೇ ನೋಡಿಕೊಳ್ಳಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತು ಶಾಂತವಾಗಿರುವುದು ಋಷಿಗಳಿಗೂ ಕಷ್ಟ. ಆಮೇಲೆ ಮಲಗಿ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ.

ಪ್ರಶ್ನೆಪತ್ರಿಕೆ ಕೈಗೆ ಬರುವುದು 1.45ಕ್ಕೆ. ಓದಲು ಹದಿನೈದು ನಿಮಿಷ ಸಿಗುತ್ತದೆ, ಬರೆಯುವ ಹಾಗಿಲ್ಲ. ಎಷ್ಟೋ ಜನ ಈ ಹೊತ್ತಿನಲ್ಲಿ ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನೇ ನೋಡಿ ನೋಡಿ ಬೆವರುತ್ತಾರೆ. ಮೊದಲ ಐದು ಪೇಪರ್‌ಗಳ ವಿವರವಾಗಿ ಬರೆಯುವ ಭಾಗದಲ್ಲಿ ಮೊದಲ ಪ್ರಶ್ನೆ ಕಡ್ಡಾಯ, ಉಳಿದವುಗಳಲ್ಲಿ ಒಂದನ್ನು ಬಿಡಬಹುದು. ಯಾವುದನ್ನು ಬಿಡುವುದು, ಯಾವುದರಿಂದ ಶುರು ಮಾಡುವುದು, ಇಷ್ಟು ತೀರ್ಮಾನಿಸಿದರೆ ಆ ಹದಿನೈದು ನಿಮಿಷ ಸಾರ್ಥಕ. ಕೈ ನಡುಗುತ್ತಿದ್ದರೆ ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗೇ ಸ್ವಲ್ಪ ಇಳಿಯುತ್ತದೆ. ಇದಕ್ಕೆ ಯೋಗ ಕ್ಲಾಸ್ ಏನೂ ಬೇಡ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಮೊದಲ ಪೇಪರ್ ಆದ ಮೇಲಿನ ಮಾತು. ಫೈನಾನ್ಷಿಯಲ್ ರಿಪೋರ್ಟಿಂಗ್ ಕೆಟ್ಟಿತು ಅಂತ ಉಳಿದ ಪೇಪರ್‌ಗಳಿಗೆ ಹೋಗದೇ ಮನೆಯಲ್ಲಿ ಕೂರುವವರು ಪ್ರತಿ ಸಲವೂ ಇರುತ್ತಾರೆ. ನನಗೆ ತುಂಬ ಸಂಕಟವಾಗುವುದು ಇವರನ್ನು ನೋಡಿದಾಗ. ಲೆಕ್ಕ ಓದಿದವರು ತಮ್ಮ ಲೆಕ್ಕವನ್ನೇ ಹಾಕಿಕೊಳ್ಳುವುದಿಲ್ಲ! ಪ್ರತಿ ಪೇಪರ್‌ನಲ್ಲಿ 40 ಬೇಕು, ಗ್ರೂಪ್‌ನ ಮೂರು ಪೇಪರ್ ಸೇರಿ 150 ಬೇಕು. ರಿಪೋರ್ಟಿಂಗ್‌ನಲ್ಲಿ 42, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್‌ನಲ್ಲಿ 58, ಆಡಿಟ್‌ನಲ್ಲಿ 51. ಒಟ್ಟು 151, ಪಾಸು. ಎರಡೂ ಗ್ರೂಪ್ ಬರೆದರೆ ಇನ್ನೂ ಅನುಕೂಲ. ಒಂದು ಗ್ರೂಪ್‌ನಲ್ಲಿ ಕಡಿಮೆ ಬಿದ್ದದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು, ಆರು ಪೇಪರ್ ಸೇರಿ 300 ಆದರೆ ಸಾಕು. ಒಂದು ಪೇಪರ್‌ನಲ್ಲಿ 60 ಬಂದರೆ, ಗ್ರೂಪ್ ಫೇಲ್ ಆದರೂ ಮುಂದಿನ ಸಲ ಆ ಪೇಪರ್ ಬರೆಯುವುದರಿಂದ ವಿನಾಯಿತಿ ಸಿಗುತ್ತದೆ. ಮೊದಲ ಐದು ಪೇಪರ್‌ಗಳಲ್ಲಿ 30 ಅಂಕದ ಬಹುಆಯ್ಕೆ ಪ್ರಶ್ನೆಗಳಿವೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಒಂದನ್ನೂ ಖಾಲಿ ಬಿಡಬೇಡಿ.

ಹಾಗಾಗಿ ಗೇಟ್ ಹೊರಗೆ ನಿಂತು "ಗುಡ್‌ವಿಲ್ ಲೆಕ್ಕದಲ್ಲಿ ನಿನಗೆ ಎಷ್ಟು ಬಂತು" ಅಂತ ಕೇಳುವವರಿಂದ ದೂರ ಇರಿ. ಅವರ ಉತ್ತರವೂ ತಪ್ಪೇ ಇರಬಹುದು. ಹಿಂದೆ ಕೂತಿರುವ ಅಪ್ಪ ಅಮ್ಮಂದಿರಿಗೂ ಇದೇ ಬೇಡಿಕೆ. ಬಾಗಿಲಲ್ಲೇ ನಿಲ್ಲಿಸಿ "ಪೇಪರ್ ಹೇಗಿತ್ತು" ಅನ್ನಬೇಡಿ. ಕೊನೆಯ ಪೇಪರ್ ಮುಗಿಯುವ ತನಕ ತಡೆದುಕೊಳ್ಳಿ. ಅಲ್ಲಿವರೆಗೆ "ಊಟಕ್ಕೆ ಏನು ಮಾಡಲಿ" ಅಂತ ಕೇಳಿದರೆ ಸಾಕು.